ಕೋರೆ ಮುರಿದ ಟ್ಯಾರಂಟುಲಾಗೆ ನೀರು, ಊಟ, ಆರೈಕೆ

ಮನೆಯಲ್ಲಿ ಸಾಕಿದ ಟ್ಯಾರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ, ಎತ್ತರದಿಂದ ಬಿದ್ದಿರುತ್ತದೆ, ಇಲ್ಲವೇ ಕೋರೆ ಮುರಿದುಕೊಂಡಿರುತ್ತದೆ. ಹಾಕಿದ ಹುಳುವನ್ನು ಹಿಡಿಯಲು ಹೋಗುತ್ತದೆ, ಆದರೆ ತಿನ್ನಲಾಗದೆ ಬಿಟ್ಟುಬಿಡುತ್ತದೆ. ಇದನ್ನು ನೋಡಿದ ತಕ್ಷಣ ಎಲ್ಲರಿಗೂ ಹೇಗಾದರೂ ಮಾಡಿ ಏನಾದರೂ ತಿನ್ನಿಸಬೇಕು ಅನ್ನಿಸುತ್ತದೆ. ಅವಸರ ಬೇಡ. ಮೊದಲು ನೀರು, ಊಟ ಆಮೇಲೆ. ಹೊಟ್ಟೆ ತುಂಬಿಕೊಂಡಿರುವ ದೊಡ್ಡ ಹೆಣ್ಣು ಟ್ಯಾರಂಟುಲಾ ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಗಾಯವಾಗಿ ಮೈಯ ದ್ರವ ಸೋರಿಹೋದ ಪ್ರಾಣಿ ಮಾತ್ರ ನೀರಿಲ್ಲದೆ ಬಹಳ ಬೇಗ ಸಾಯುತ್ತದೆ. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ: ಮುರಿದ ಕೋರೆಯನ್ನು ನಾವು ಸರಿಮಾಡಲಾಗುವುದಿಲ್ಲ, ಅದು ಮುಂದಿನ ಪೊರೆ ಬಿಡುವಾಗ ತಾನೇ ಹೊಸದಾಗಿ ಬರಬೇಕು. ಅಲ್ಲಿಯವರೆಗೆ ಜೇಡವನ್ನು ಬದುಕಿಸಿಕೊಂಡು ಹೋಗುವುದಷ್ಟೇ ನಮ್ಮ ಕೆಲಸ.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ಇಲ್ಲಿಯ ಮರುಭೂಮಿಯದೇ ಜಾತಿ ಅಫೊನೊಪೆಲ್ಮಾ ಚಾಲ್ಕೋಡಿಸ್, ಜನ ಅರಿಜೋನಾ ಬ್ಲಾಂಡ್ ಅನ್ನುತ್ತಾರೆ. ಅದರ ಒಂದು ಹೆಣ್ಣು ಎರಡೂ ಕೋರೆ ಮುರಿದುಕೊಂಡು ಪರಿಚಯದವರೊಬ್ಬರಿಂದ ನನ್ನ ಬಳಿಗೆ ಬಂತು. ಪೆಟ್ಟಿಗೆಯ ಮೇಲಿನ ತಂತಿ ಬಲೆಯನ್ನು ಕಚ್ಚಿ ಕಚ್ಚಿ ಕೋರೆ ಹೋಗಿತ್ತು. ಈ ಜಾತಿಯ ಹೆಣ್ಣುಗಳು 20 ವರ್ಷಕ್ಕೂ ಜಾಸ್ತಿ ಬದುಕುತ್ತವೆ, ಹಾಗಾಗಿ ಒಂದು ವರ್ಷ ಕಷ್ಟಪಟ್ಟು ನೋಡಿಕೊಂಡರೆ ಅದು ವ್ಯರ್ಥವಲ್ಲ. ನೀವು ಸಾಕುವುದು ಬೆಂಗಳೂರಿನಲ್ಲಿರಲಿ, ಲಂಡನ್ನಿನಲ್ಲಿರಲಿ, ವಿಧಾನ ಇದೇ. ಹವೆ ಮಾತ್ರ ಬೇರೆ.

ಜೇಡ ಹೇಗೆ ತಿನ್ನುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಅದು ಅಗಿದು ನುಂಗುವುದಿಲ್ಲ. ಗಟ್ಟಿ ಪದಾರ್ಥ ಅದರ ಒಳಗೆ ಹೋಗುವುದೇ ಇಲ್ಲ. ಕೋರೆಯಿಂದ ಹುಳುವನ್ನು ಚುಚ್ಚಿ ಹಿಡಿದು ವಿಷ ಬಿಡುತ್ತದೆ, ಆಮೇಲೆ ಬಾಯಿಂದ ಜೀರ್ಣರಸವನ್ನು ಹುಳುವಿನ ಮೇಲೆ ಬಿಟ್ಟು, ಕೋರೆಯ ದಪ್ಪ ಬುಡದಿಂದ ಹಿಸುಕುತ್ತಾ, ಕರಗಿ ನೀರಾದದ್ದನ್ನು ಹೀರುತ್ತದೆ. ಹೀರುವುದಕ್ಕೆ ಅಂತಲೇ ಮೈಯ ಮುಂಭಾಗದಲ್ಲಿ ಸ್ನಾಯುಗಳಿಂದ ಹಿಗ್ಗಿ ಕುಗ್ಗುವ ಒಂದು ಜಠರ ಇದೆ. ಬಾಯಿ ಇರುವುದು ಕೋರೆಗಳ ಹಿಂದೆ, ಅಡಿಭಾಗದಲ್ಲಿ, ಎರಡು ಚಿಕ್ಕ ಮುಂಗೈಗಳ (ಕಾಲುಗಳಿಗಿಂತ ಮುಂದೆ ಇರುವ, ಕಾಲಿನಂಥ ಗಿಡ್ಡ ಅಂಗಗಳ) ಬುಡದ ನಡುವೆ, ಕೂದಲುಗಳ ಮರೆಯಲ್ಲಿ. ಹೆಚ್ಚಿನ ಜಾತಿಗಳಲ್ಲಿ ಆ ಕೂದಲು ಕೆಂಪಗಿರುತ್ತದೆ, ಗುರುತಿಸುವುದು ಕಷ್ಟವಲ್ಲ. ಚೂರುಪಾರು ಒಳಗೆ ಹೋಗದ ಹಾಗೆ ಸೋಸುವುದು ಆ ಕೂದಲಿನ ಕೆಲಸ. ಅಂದರೆ ಕೋರೆ ಇರುವುದು ಹಿಡಿಯಲು ಮತ್ತು ಕೊಲ್ಲಲು, ಕುಡಿಯುವುದು ಬೇರೆ ಅಂಗ. ಹಿಡಿಯುವ, ಹರಿಯುವ ಕೆಲಸವನ್ನು ನಾವು ಮಾಡಿಕೊಟ್ಟರೆ ಕೋರೆಯಿಲ್ಲದ ಜೇಡವೂ ಊಟ ಮಾಡುತ್ತದೆ.

ತಿನ್ನಲಾಗುತ್ತಿಲ್ಲವೋ, ತಿನ್ನಲು ಇಷ್ಟವಿಲ್ಲವೋ

ಇದನ್ನು ಮೊದಲು ಖಚಿತ ಮಾಡಿಕೊಳ್ಳಿ. ಟ್ಯಾರಂಟುಲಾ ಊಟ ಬಿಡುವುದು ಬಹಳ ಸಾಮಾನ್ಯ. ಪೊರೆ ಬಿಡುವ ಮುಂಚೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಿನ್ನುವುದಿಲ್ಲ. ಹೊಟ್ಟೆಯ (ಮೈಯ ಹಿಂದಿನ ದುಂಡನೆಯ ಭಾಗದ) ಮೇಲೆ ಕೂದಲು ಉದುರಿದ ಬೋಳು ಜಾಗ ಕಪ್ಪಾಗಿ ಹೊಳೆಯುತ್ತಿದ್ದರೆ ಪೊರೆ ಹತ್ತಿರ ಬಂದಿದೆ ಅಂತ ತಿಳಿಯಬಹುದು. ಪೊರೆ ಬಿಟ್ಟ ಹೊಸತರಲ್ಲೂ ತಿನ್ನುವುದಿಲ್ಲ, ಕೋರೆ ಇನ್ನೂ ಮೆತ್ತಗೆ ಬೆಳ್ಳಗೆ ಇರುತ್ತದೆ. ದಕ್ಷಿಣ ಅಮೆರಿಕದ ರೋಸ್ ಹೇರ್ ಜಾತಿಯಂಥವು ಚಳಿಗಾಲದಲ್ಲಿ ಸುಮ್ನೆ ಉಪವಾಸ ಕೂರುತ್ತವೆ. ಬೆಳೆದ ಗಂಡುಗಳಿಗೂ ಊಟದ ಮೇಲೆ ಆಸೆ ಕಡಿಮೆ. ಮುಂಗೈಯ ತುದಿ ಗುಂಡಗೆ ಉಬ್ಬಿದ್ದರೆ ಅದು ಬೆಳೆದ ಗಂಡು. ಇಂಥ ಯಾವುದಕ್ಕೂ ಬಲವಂತದ ಊಟ ಬೇಕಾಗಿಲ್ಲ, ಕೊಟ್ಟರೆ ತೊಂದರೆಯೇ ಜಾಸ್ತಿ.

ನಿಜವಾಗಿಯೂ ತಿನ್ನಲಾಗದ ಜೇಡದ ಲಕ್ಷಣ ಬೇರೆ. ಹುಳು ಕಂಡರೆ ಮೇಲೆ ಬೀಳುತ್ತದೆ, ಮುಂಗೈಯಿಂದ ಎಳೆದುಕೊಳ್ಳುತ್ತದೆ, ಆದರೆ ಚುಚ್ಚಲಾಗದೆ ಹುಳು ಜಾರಿಹೋಗುತ್ತದೆ. ಮತ್ತೆ ಮತ್ತೆ ಹೀಗಾದರೆ ಕೋರೆಯನ್ನು ನೋಡಬೇಕು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಬೇಡಿ. ಜೇಡವನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಹತ್ತಿಸಿ, ಡಬ್ಬಿಯನ್ನು ನಿಧಾನವಾಗಿ ಎತ್ತಿ ಕೆಳಗಿನಿಂದ ಮೊಬೈಲ್ ಬೆಳಕು ಹಿಡಿದರೆ ಎಲ್ಲ ಕಾಣುತ್ತದೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಒಂದು ಕೋರೆ ಹೋಗಿದೆಯೇ, ಎರಡೂ ಹೋಗಿವೆಯೇ, ತುದಿ ಮಾತ್ರ ಚೂರಾಗಿದೆಯೇ, ಹಳೆಯ ಪೊರೆ ಏನಾದರೂ ಕೋರೆಗೆ ಅಂಟಿಕೊಂಡಿದೆಯೇ ಅಂತ ನೋಡಿ. ಅಂಟಿದ್ದರೆ ಒದ್ದೆ ಮಾಡಿದ ಸಣ್ಣ ಪೇಂಟ್ ಬ್ರಷ್‌ನಿಂದ ನೀರು ತಾಗಿಸುತ್ತಾ ಮೆತ್ತಗಾಗಲು ಬಿಡಿ, ಎಳೆಯಬೇಡಿ.

ಒಂದೇ ಕೋರೆ ಹೋಗಿದ್ದರೆ ಅಷ್ಟು ಚಿಂತೆ ಬೇಡ. ಬಹಳಷ್ಟು ಜೇಡಗಳು ಒಂದೇ ಕೋರೆಯಲ್ಲಿ ಸಣ್ಣ ಹುಳುಗಳನ್ನು ಚೆನ್ನಾಗಿಯೇ ನಿಭಾಯಿಸುತ್ತವೆ.

ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ

ಜೇಡದ ರಕ್ತ ಕೆಂಪಗಿರುವುದಿಲ್ಲ. ಅದರಲ್ಲಿ ಆಮ್ಲಜನಕ ಒಯ್ಯುವುದು ತಾಮ್ರ ಇರುವ ಹಿಮೋಸಯನಿನ್, ಹಾಗಾಗಿ ತಿಳಿಯಾಗಿ ಅಥವಾ ನಸುನೀಲಿಯಾಗಿ ಕಾಣುತ್ತದೆ. ನೀರಿನ ಹನಿ ಅಂದುಕೊಂಡು ಕಡೆಗಣಿಸುವ ಸಾಧ್ಯತೆ ಇದೆ. ಕಾಲಿನಿಂದ ಸೋರುತ್ತಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರ್ ಅನ್ನು ಬ್ರಷ್ ತುದಿಯಲ್ಲಿ ಗಾಯಕ್ಕೆ ಒತ್ತಿ, ಸಣ್ಣ ಗಾಯ ನಿಂತುಹೋಗುತ್ತದೆ. ಕಾಲು ತೀರಾ ಕೆಟ್ಟಿದ್ದರೆ ಜೇಡವೇ ಅದನ್ನು ಬುಡದಲ್ಲಿ ಕಳಚಿ ಎಸೆಯುತ್ತದೆ, ಅಲ್ಲಿ ಸೋರುವುದು ಬಹಳ ಕಡಿಮೆ. ಹೋದ ಕಾಲು ಮುಂದಿನ ಪೊರೆಯಲ್ಲಿ ಮತ್ತೆ ಬರುತ್ತದೆ, ಮೊದಲ ಸಲ ಸ್ವಲ್ಪ ಸಣ್ಣಗೆ ಇರಬಹುದು.

ಹೊಟ್ಟೆ ಒಡೆದಿದ್ದರೆ ವಿಷಯ ಗಂಭೀರ. ಹೊಟ್ಟೆಯ ಚರ್ಮ ತೆಳು, ಒಂದೆರಡು ಅಡಿಯಿಂದ ಬಿದ್ದರೂ ಸೀಳಿಬಿಡಬಹುದು. ಬಹಳ ಸಣ್ಣ ಸೀಳಾಗಿದ್ದರೆ ಸಾಕುವವರು ಮಾಡುವುದು ಇದು: ಮೆತ್ತಗಿನ ಟಿಶ್ಯೂ ತುದಿಯಿಂದ ದ್ರವವನ್ನು ಒರೆಸಿ, ಕಡ್ಡಿಯ ತುದಿಯಲ್ಲಿ ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಒಂದು ಚುಕ್ಕೆ ತಾಗಿಸಿ, ಪೂರ್ತಿ ಒಣಗುವವರೆಗೆ ಜೇಡ ಏನನ್ನೂ ಮುಟ್ಟದ ಹಾಗೆ ನೋಡಿಕೊಳ್ಳುವುದು. ಹೊಟ್ಟೆಯ ಅಡಿಯಲ್ಲಿ ಬುಕ್ ಲಂಗ್ ಎಂಬ ಉಸಿರಾಟದ ಅಂಗಗಳು ನಾಲ್ಕಿವೆ, ಮುಂದೆ ಎರಡು, ಹಿಂದೆ ಎರಡು. ಅವುಗಳ ಸೀಳುಗಳ ಹತ್ತಿರ, ನೂಲು ಬಿಡುವ ಅಂಗದ ಹತ್ತಿರ, ಬಾಯಿಯ ಹತ್ತಿರ, ಕಾಲಿನ ಕೀಲುಗಳ ಹತ್ತಿರ ಅಂಟು ಹೋಗಲೇಬಾರದು. ಅಂಟು ಹಾಕಿದ ಜಾಗ ಮುಂದೆ ಪೊರೆ ಬಿಡುವಾಗ ಸಿಕ್ಕಿಕೊಳ್ಳುವ ಅಪಾಯ ಇದ್ದೇ ಇದೆ, ಆದರೆ ದ್ರವ ಸೋರಿ ಈಗಲೇ ಸಾಯುವುದಕ್ಕಿಂತ ಆ ಅಪಾಯ ಮೇಲು. ಕೋರೆ ಮುರಿದ ಜಾಗಕ್ಕೆ ಮಾತ್ರ ಅಂಟು ಬೇಡವೇ ಬೇಡ, ಬಾಯಿ ಪಕ್ಕದಲ್ಲೇ ಇದೆ. ಅಲ್ಲಿ ಸ್ವಲ್ಪ ಕಾರ್ನ್‌ಫ್ಲೋರ್ ಸಾಕು.

ಇದೆಲ್ಲ ಮಾಡುವಾಗ ಕನ್ನಡಕ, ಕೈಗವಸು ಹಾಕಿಕೊಳ್ಳಿ. ಅಮೆರಿಕ ಖಂಡಗಳ ಜಾತಿಗಳಲ್ಲಿ ಹೆಚ್ಚಿನವು ಹೊಟ್ಟೆಯ ಮೇಲಿನ ಚುಚ್ಚುವ ಕೂದಲನ್ನು ಕಾಲಿನಿಂದ ಒದ್ದು ಹಾರಿಸುತ್ತವೆ. ಚರ್ಮಕ್ಕೆ ತುರಿಕೆ ಅಷ್ಟೇ, ಆದರೆ ಕಣ್ಣಿಗೆ ಹೊಕ್ಕರೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಆ ಕೂದಲಿಲ್ಲ, ಬದಲಿಗೆ ವೇಗವೂ ವಿಷವೂ ಜಾಸ್ತಿ. ನಮ್ಮ ಪಶ್ಚಿಮ ಘಟ್ಟದ ಮರಗಳಲ್ಲಿ ಇರುವ ಪೊಸಿಲೊಥೀರಿಯಾ ಕುಲದವು ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಒಂದು ಕೋರೆ ಮುರಿದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಆ ಕುಲದ ಮಾತು ಬಂದದ್ದರಿಂದ ಒಂದು ಮಾತು. ಪೊಸಿಲೊಥೀರಿಯಾ ಇರುವುದು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಅದರಲ್ಲಿ ಪೊಸಿಲೊಥೀರಿಯಾ ಸ್ಟ್ರಿಯೇಟಾವನ್ನು ಹೊರದೇಶದ ಸಾಕುವವರು ಮೈಸೂರ್ ಆರ್ನಮೆಂಟಲ್ ಅಂತಲೇ ಕರೆಯುತ್ತಾರೆ. ಕಾಡುಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ 2019ರ ಸಭೆಯಲ್ಲಿ ಇಡೀ ಕುಲವನ್ನು ಅದರ ಎರಡನೇ ಪಟ್ಟಿಗೆ ಸೇರಿಸಿದರು. ಮಲೆನಾಡಿನ ಮನೆಯ ಗೋಡೆಯಲ್ಲೋ ಬಚ್ಚಲಲ್ಲೋ ಪೊರಕೆ ಏಟು ತಿಂದ ಒಂದು ಸಿಕ್ಕರೆ ಸಾಕಲು ಇಟ್ಟುಕೊಳ್ಳಬೇಡಿ. ಡಬ್ಬಿ ಮುಚ್ಚಿ ಎತ್ತಿ, ನೆರಳಿರುವ ಮರದ ಬುಡದಲ್ಲಿ ಬಿಟ್ಟುಬಿಡಿ.

ಆರೈಕೆಯ ಡಬ್ಬಿ

ಗಾಯವಾದ ಜೇಡವನ್ನು ಅದರ ದೊಡ್ಡ ಪೆಟ್ಟಿಗೆಯಲ್ಲೇ ಬಿಟ್ಟರೆ ಮಣ್ಣು ಗಾಯಕ್ಕೆ ಮೆತ್ತುತ್ತದೆ, ಗೋಡೆ ಹತ್ತಿ ಮತ್ತೆ ಬೀಳುತ್ತದೆ, ನಿಮಗೂ ಏನೂ ಕಾಣುವುದಿಲ್ಲ. ಜೇಡ ಕಾಲು ಚಾಚಿದರೆ ಹಿಡಿಸುವಷ್ಟು ಅಗಲದ, ಎತ್ತರ ಕಡಿಮೆ ಇರುವ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಪಕ್ಕದಲ್ಲಿ ಸುತ್ತ ತೂತು ಮಾಡಿ. ಕೆಳಗೆ ಬಣ್ಣ, ವಾಸನೆ ಇಲ್ಲದ ಬಿಳಿ ಟಿಶ್ಯೂ ಹಾಸಿ. ಬಿಳಿ ಯಾಕೆಂದರೆ ಸೋರಿದ ಹನಿ ಕಾಣುತ್ತದೆ, ಮಲ ಕಾಣುತ್ತದೆ, ಹುಳ ಹತ್ತಿದರೆ ಅದೂ ಕಾಣುತ್ತದೆ. ಮೇಲೆ ಒಂದು ಬಟ್ಟೆ ಹೊದಿಸಿ ಕತ್ತಲು ಮಾಡಿ, ಯಾರೂ ಓಡಾಡದ ಜಾಗದಲ್ಲಿಡಿ. 24ರಿಂದ 28 ಡಿಗ್ರಿ ಸೆಲ್ಸಿಯಸ್ ಸಾಕು. ಬೆಂಗಳೂರಿನಲ್ಲಿ ವರ್ಷದ ಹೆಚ್ಚಿನ ದಿನ ಮನೆಯ ಒಳಗೆ ತಾನಾಗಿಯೇ ಅಷ್ಟಿರುತ್ತದೆ. ಬಲ್ಬು ಹಚ್ಚಿ ಕಾಯಿಸಬೇಡಿ, ಅದು ಜೇಡವನ್ನು ಒಣಗಿಸುತ್ತದೆ.

ಹಿಂದೆ ಎಲ್ಲರೂ ಟಿಶ್ಯೂವನ್ನು ಚೆನ್ನಾಗಿ ನೆನೆಸಿ ಮುಚ್ಚಳ ಬಿಗಿಯಾಗಿ ಹಾಕಿ ಇಡುತ್ತಿದ್ದರು, ಈಗಲೂ ಕೆಲವರು ಹಾಗೇ ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಜೇಡ ಚರ್ಮದಿಂದ ನೀರು ಕುಡಿಯುವುದಿಲ್ಲ, ಬಾಯಿಂದಲೇ ಕುಡಿಯಬೇಕು. ಗಾಳಿಯಾಡದ ಒದ್ದೆಯಲ್ಲಿ ಬೂಷ್ಟು ಬರುತ್ತದೆ, ಗಾಯ ಕೊಳೆಯುತ್ತದೆ. ನಮ್ಮ ಮರುಭೂಮಿಯ ಜಾತಿಗೆ ಅದು ಇನ್ನೂ ಕೆಟ್ಟದ್ದು. ಮಳೆಕಾಡಿನ ಜಾತಿಯಾದರೆ ಟಿಶ್ಯೂವಿನ ಒಂದು ಮೂಲೆ ಮಾತ್ರ ಒದ್ದೆ ಇರಲಿ, ಉಳಿದದ್ದು ಒಣಗಿರಲಿ, ಎಲ್ಲಿ ಕೂರಬೇಕೆಂದು ಜೇಡವೇ ಆರಿಸಿಕೊಳ್ಳುತ್ತದೆ.

ಟಿಶ್ಯೂ ದಿನಾ ನೋಡಿ, ಕೊಳೆಯಾದರೆ ಬದಲಿಸಿ. ಊರಲ್ಲಿರುವವರಿಗೆ ಇನ್ನೊಂದು ದೊಡ್ಡ ಕಾಟ ಇರುವೆ. ಗಾಯದ ವಾಸನೆಗೆ, ಹುಳುವಿನ ರಸದ ವಾಸನೆಗೆ ರಾತ್ರಿ ಬೆಳಗಾಗುವುದರಲ್ಲಿ ಸಾಲುಗಟ್ಟಿ ಬರುತ್ತವೆ, ಅಲುಗಾಡಲಾಗದ ಜೇಡವನ್ನು ಜೀವಂತವಾಗಿ ಮುತ್ತಿಬಿಡುತ್ತವೆ. ಸಿಹಿ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುತ್ತೇವಲ್ಲ, ಹಾಗೆ ಈ ಡಬ್ಬಿಯನ್ನೂ ಒಂದು ಬಟ್ಟಲಿನ ಮೇಲೇರಿಸಿ ನೀರಿನ ತಟ್ಟೆಯಲ್ಲಿಡಿ. ಇರುವೆ ಪುಡಿ, ಲಕ್ಷ್ಮಣರೇಖೆ ಸೀಮೆಸುಣ್ಣ ಮಾತ್ರ ಹತ್ತಿರಕ್ಕೂ ತರಬೇಡಿ. ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ ಇವೆಲ್ಲ ಕೀಟವನ್ನು ಕೊಲ್ಲುವ ಹಾಗೆಯೇ ಜೇಡವನ್ನೂ ಕೊಲ್ಲುತ್ತವೆ. ನಾಯಿಗೆ ಉಣ್ಣೆ ಔಷಧಿ ಹಚ್ಚಿದ ಕೈಯಲ್ಲಿ ಜೇಡದ ಡಬ್ಬಿ ಮುಟ್ಟಬೇಡಿ. ಜೇಡ ಕುಡಿದವರ ಹಾಗೆ ತೂರಾಡುತ್ತಾ, ಕಾಲು ನಡುಗಿಸುತ್ತಾ, ಊಟವನ್ನೂ ಬಿಟ್ಟಿದ್ದರೆ ಕೋರೆಯನ್ನು ಅನುಮಾನಿಸುವ ಮುಂಚೆ ಮನೆಯಲ್ಲಿ ಯಾರಾದರೂ ಏನಾದರೂ ಹೊಡೆದಿದ್ದಾರೆಯೇ ಅಂತ ಕೇಳಿ.

ನೀರು ಕುಡಿಸುವುದು

ಜೇಡ ಕಾಲು ಮಡಿಸುವುದು ಸ್ನಾಯುವಿನಿಂದ, ಚಾಚುವುದು ಮುಖ್ಯವಾಗಿ ಮೈಯೊಳಗಿನ ದ್ರವದ ಒತ್ತಡದಿಂದ. ಆ ದ್ರವ ಕಡಿಮೆಯಾದರೆ ಕಾಲುಗಳೆಲ್ಲ ಮೈಯಡಿಗೆ ಮಡಚಿಕೊಳ್ಳುತ್ತವೆ. ನೇರವಾಗಿ ಕೂತು ಕಾಲು ಒಳಗೆ ಮುದುಡಿಕೊಂಡಿದ್ದರೆ ಅದು ಅಪಾಯದ ಗುರುತು, ತಕ್ಷಣ ನೀರು ಬೇಕು. ಅಂಗಾತ ಮಲಗಿದ್ದರೆ ಹೆಚ್ಚಿನ ಸಲ ಅದು ಪೊರೆ ಬಿಡುತ್ತಿದೆ ಅಂತ ಅರ್ಥ, ಆಗ ಮುಟ್ಟಲೇಬೇಡಿ. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಒಳ್ಳೆಯ ಜೇಡವನ್ನೇ ಕಳೆದುಕೊಳ್ಳುತ್ತೀರಿ.

ನಡೆಯುವಷ್ಟು ಶಕ್ತಿ ಇದ್ದರೆ ಅಗಲವಾದ, ಆಳ ಕಡಿಮೆ ಇರುವ ಮುಚ್ಚಳದಲ್ಲಿ ನೀರು ತುಂಬಿಟ್ಟರೆ ಸಾಕು, ತಾನೇ ಹೋಗಿ ಬಾಯಿ ಇಡುತ್ತದೆ. ಶಕ್ತಿ ಇಲ್ಲದಿದ್ದರೆ ನೀವು ಮಾಡಿಸಬೇಕು. ಗಟ್ಟಿ ಕಾಗದವನ್ನು ಜೇಡದ ಕೆಳಗೆ ನಿಧಾನವಾಗಿ ತೂರಿಸಿ, ಅದನ್ನು ಹಾಗೆಯೇ ಮುಚ್ಚಳದ ಹತ್ತಿರ ಸರಿಸಿ, ಮೈಯ ಮುಂಭಾಗ ಮಾತ್ರ ಮುಚ್ಚಳದ ಅಂಚು ದಾಟಿ ಬಾಯಿ ನೀರಿಗೆ ತಾಗುವ ಹಾಗೆ ಕೂರಿಸಿ. ನೀರು ಎರಡು ಮೂರು ಮಿಲಿಮೀಟರ್ ಆಳ ಇದ್ದರೆ ಸಾಕು. ಹೊಟ್ಟೆ ಹೊರಗೆ ಒಣಗಿರಬೇಕು, ಅಲ್ಲೇ ಉಸಿರಾಟದ ಸೀಳುಗಳಿರುವುದು. ಜಾರುತ್ತದೆ ಅನ್ನಿಸಿದರೆ ಹಿಂದೆ ಮಡಚಿದ ಟಿಶ್ಯೂವಿನ ಒತ್ತು ಕೊಡಿ. ಹಾಗೇ ಅರ್ಧ ಗಂಟೆ, ಒಂದು ಗಂಟೆ ಬಿಡಿ, ಬಿಟ್ಟು ದೂರ ಹೋಗಬೇಡಿ. ಬಾಯಾರಿದ ಜೇಡ ಗಂಟೆಗಟ್ಟಲೆ ಕುಡಿಯುವುದೂ ಉಂಟು. ಕಾಲು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳತೊಡಗಿದರೆ ನೀರು ಒಳಗೆ ಹೋಗುತ್ತಿದೆ ಅಂತ ತಿಳಿಯಿರಿ. ಆಗ ಆಗುವ ಸಂತೋಷ ಹೇಳತೀರದು.

ಸಾದಾ ಕುಡಿಯುವ ನೀರು ಸಾಕು. ಸಕ್ಕರೆ, ಗ್ಲೂಕೋಸ್, ಜೇನು ಬೆರೆಸಬೇಡಿ. ಬಾಯಿಯ ಕೂದಲಿಗೆ ಅಂಟುತ್ತದೆ, ಇರುವೆಯನ್ನೂ ಕರೆಯುತ್ತದೆ.

ಊಟ: ಮೊದಲು ಸತ್ತ ಹುಳು, ಆಗದಿದ್ದರೆ ರಸ

ಊಟ ಬೇಕೋ ಬೇಡವೋ ಅನ್ನುವುದನ್ನು ಹೊಟ್ಟೆ ಹೇಳುತ್ತದೆ. ಹೊಟ್ಟೆ ಮೈಯ ಮುಂಭಾಗದಷ್ಟೇ ಅಗಲವಾಗಿ ಅಥವಾ ಅದಕ್ಕಿಂತ ದಪ್ಪಗಿದ್ದರೆ ಇನ್ನೂ ಕೆಲವು ವಾರ ಊಟದ ಯೋಚನೆಯೇ ಬೇಡ, ನೀರು ಮಾತ್ರ ತಪ್ಪಿಸಬೇಡಿ. ಹೊಟ್ಟೆ ಸಣ್ಣಗಾಗಿ ಸುಕ್ಕುಗಟ್ಟಿದ್ದರೆ ಮೊದಲು ಒಂದೆರಡು ದಿನ ನೀರು ಕೊಟ್ಟು, ಚೇತರಿಸಿಕೊಂಡ ಮೇಲೆ ಊಟ.

ಮೊದಲು ಪ್ರಯತ್ನಿಸಬೇಕಾದದ್ದು ಆಗಷ್ಟೇ ಕೊಂದ, ಮೆತ್ತಗಿನ ಹುಳು. ಮೀಲ್‌ವರ್ಮ್ (ಒಂದು ಬಗೆಯ ದುಂಬಿಯ ಮರಿಹುಳು) ಆದರೆ ತಲೆ ಜಜ್ಜಿ ಮೈಯನ್ನು ಉದ್ದಕ್ಕೆ ಸೀಳಿ. ಮಿಡತೆಯಂಥ ಕ್ರಿಕೆಟ್ ಹುಳು ಆದರೆ ಮುಳ್ಳಿರುವ ಹಿಂಗಾಲುಗಳನ್ನು ಕಿತ್ತು, ಹೊಟ್ಟೆಯನ್ನು ಒತ್ತಿ ಒಳಗಿನ ಬಿಳಿ ತಿರುಳು ಹೊರಬರುವ ಹಾಗೆ ಮಾಡಿ. ಮೇವಿಗೆ ಅಂತಲೇ ಸಾಕುವ ಡುಬಿಯಾ ಜಿರಳೆಯಾದರೆ ಈಗಷ್ಟೇ ಪೊರೆ ಬಿಟ್ಟ ಬೆಳ್ಳಗಿನದು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಅದರ ಚಿಪ್ಪು ಮೆತ್ತಗಿರುತ್ತದೆ. ಉದ್ದದ ಚಿಮುಟದಲ್ಲಿ ಹಿಡಿದು, ತಿರುಳಿರುವ ಕಡೆಯನ್ನು ಕೋರೆಯ ಬುಡದ ಕೆಳಗೆ, ಬಾಯಿಯ ಕೂದಲಿಗೆ ತಾಗುವಂತೆ ಇಟ್ಟು ಸುಮ್ಮನಿರಿ. ರುಚಿ ಸಿಕ್ಕಿದರೆ ಜೇಡ ಮುಂಗೈಯಿಂದ ತಬ್ಬಿಕೊಂಡು, ಕೋರೆಯಿಲ್ಲದಿದ್ದರೂ ಬುಡದಿಂದಲೇ ಹಿಸುಕುತ್ತಾ ರಸ ಬಿಟ್ಟು ಹೀರಲು ಶುರುಮಾಡುತ್ತದೆ. ನನ್ನ ಅರಿಜೋನಾ ಬ್ಲಾಂಡ್‌ಗೆ ಅರೆದ ಹುಳುವಿನ ರಸದ ಅಗತ್ಯ ಬಿದ್ದದ್ದು ಶುರುವಿನಲ್ಲಿ ಮಾತ್ರ, ಆಮೇಲೆ ಕೊನೆಯವರೆಗೂ ಹೀಗೆಯೇ ಉಂಡದ್ದು. ಹಿಡಿಯದಿದ್ದರೆ ಮುಚ್ಚಳದಲ್ಲಿ ಹುಳುವನ್ನಿಟ್ಟು ರಾತ್ರಿ ಬಿಡಿ, ಕತ್ತಲಲ್ಲಿ ತಾನೇ ಬಂದು ತಿನ್ನಬಹುದು. ಬೆಳಿಗ್ಗೆ ಎದ್ದ ತಕ್ಷಣ ಉಳಿದದ್ದನ್ನು ತೆಗೆಯಿರಿ.

ಜೀವಂತ ಹುಳುವನ್ನು ಡಬ್ಬಿಯೊಳಗೆ ಬಿಡಲೇಬೇಡಿ. ಕ್ರಿಕೆಟ್ ಹುಳುಗಳು ಎದುರಿಸಲಾಗದ ಜೇಡವನ್ನು, ಅದರಲ್ಲೂ ಗಾಯ ತೆರೆದಿರುವಾಗ ಅಥವಾ ಪೊರೆ ಬಿಡುವಾಗ, ಕಚ್ಚಿ ತಿನ್ನುತ್ತವೆ.

ಹುಳು ಹಿಡಿಯಲೂ ಆಗದಿದ್ದರೆ ರಸ. ಎರಡು ಮೂರು ತಾಜಾ ಹುಳುಗಳನ್ನು ಚಿಕ್ಕ ಬಟ್ಟಲಲ್ಲಿ ಚಮಚದ ಹಿಂಬದಿಯಿಂದ ಚೆನ್ನಾಗಿ ಅರೆಯಿರಿ, ಕೆಲವು ಹನಿ ನೀರು ಸೇರಿಸಿ, ತೆಳುವಾದ ಬಟ್ಟೆಯಲ್ಲಿ ಹಿಂಡಿ ಸೋಸಿ. ಚಿಪ್ಪಿನ ಚೂರು ಉಳಿಯಬಾರದು, ಬಾಯಿಯ ಕೂದಲಿಗೆ ಸಿಕ್ಕಿಕೊಂಡು ಅಲ್ಲೇ ಒಣಗುತ್ತದೆ. ತೆಳ್ಳಗಿನ ಗಂಜಿಯ ಹದ ಬಂದರೆ ಸಾಕು. ಸೋಸಿದ ರಸವನ್ನು ಆಗಲೇ ಕೊಡಬೇಕು, ಇಟ್ಟು ಮರುದಿನ ಕೊಡಬೇಡಿ. ಕೋಳಿ, ಮಟನ್, ಮೊಟ್ಟೆ, ಹಾಲು ಇವನ್ನೆಲ್ಲ ಯಾರಾದರೂ ಹೇಳಿದರೆ ಕೇಳಬೇಡಿ. ಜೇಡ ತಿನ್ನುವುದು ಹುಳುವನ್ನು, ಹುಳುವಿನ ರಸವನ್ನೇ ಕೊಡಿ.

ಕೊಡುವ ದಾರಿ ಎರಡು. ಒಂದು, ಅರ್ಧ ಸೆಂಟಿಮೀಟರಿಗಿಂತ ಎತ್ತರವಿಲ್ಲದ ಮುಚ್ಚಳದಲ್ಲಿ ರಸ ಹಾಕಿ, ಮುಂದಿನಿಂದ ನಿಧಾನವಾಗಿ ಬಾಯಿಯ ಕೆಳಗೆ ತಳ್ಳಿ, ಹಿಂಗಾಲನ್ನು ಬ್ರಷ್‌ನಿಂದ ಮೆಲ್ಲಗೆ ಸವರಿದರೆ ಜೇಡ ಒಂದು ಹೆಜ್ಜೆ ಮುಂದಿಟ್ಟು ಸರಿಯಾದ ಜಾಗಕ್ಕೆ ಬರುತ್ತದೆ. ನೀರು ಕುಡಿಸಿದ ಹಾಗೆಯೇ, ಹೊಟ್ಟೆ ಹೊರಗೆ. ಇನ್ನೊಂದು, ಸೂಜಿ ತೆಗೆದ 1 ಎಂಎಲ್ ಸಿರಿಂಜ್. ತುದಿಯಲ್ಲಿ ಒಂದೇ ಹನಿ ನಿಲ್ಲಿಸಿ ಬಾಯಿಯ ಕೂದಲಿಗೆ ತಾಗಿಸಿ, ಕೂದಲೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಹನಿ ಮಾಯವಾದ ಮೇಲೆ ಇನ್ನೊಂದು. ಒತ್ತಿ ಚಿಮ್ಮಿಸಬೇಡಿ. ಸಿಟ್ಟಿನ ಜೇಡವಾದರೆ ಮುಂಗಾಲೆತ್ತಿ ಹೆದರಿಸುತ್ತದೆ, ಆಗ ಬಾಯಿ ಚೆನ್ನಾಗಿ ಕಾಣುತ್ತದೆ, ಹನಿ ತಾಗಿಸಲು ಅದೇ ಒಳ್ಳೆಯ ಸಮಯ. ವೇಗದ ಮರದ ಜಾತಿಗಳಿಗೆ ಈ ಸಿರಿಂಜ್ ಕೆಲಸ ಬೇಡ, ಅಡಗುವ ಜಾಗದ ಬಾಯಲ್ಲಿ ಮುಚ್ಚಳವಿಟ್ಟು ಬಿಟ್ಟುಬಿಡುವುದೇ ಸರಿ. ಓಡಿ ಬಿದ್ದರೆ ಇನ್ನೊಂದು ಗಾಯ.

ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತಿನ್ನಿಸುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ, ಮೊದಲೇ ಸೋತ ಪ್ರಾಣಿ ಅದು.

ಊಟವಾದ ಮೇಲೆ ನೀರಲ್ಲಿ ಅದ್ದಿದ ಬ್ರಷ್‌ನಿಂದ ಬಾಯಿಯ ಸುತ್ತ ಸವರಿ ತೊಳೆಯಿರಿ. ಇದನ್ನು ಬಿಟ್ಟರೆ ಉಳಿದ ರಸ ಕೊಳೆತು ಬೂಷ್ಟು, ಸಣ್ಣ ಹುಳ ಎಲ್ಲ ಬಾಯಿಯಲ್ಲೇ ಮನೆ ಮಾಡುತ್ತವೆ, ಇಷ್ಟು ದಿನ ಪಟ್ಟ ಶ್ರಮ ಹಾಳು. ಪಕ್ಕದಲ್ಲಿ ಶುದ್ಧ ನೀರಿನ ಮುಚ್ಚಳ ಇಡಿ. ಹತ್ತು ನಿಮಿಷ ಕಾದರೂ ಹನಿ ಒಳಗೆ ಹೋಗದಿದ್ದರೆ ಅವತ್ತಿಗೆ ನಿಲ್ಲಿಸಿ, ಎರಡು ಮೂರು ದಿನ ಬಿಟ್ಟು ನೋಡಿ. ಹೋಗುತ್ತಿದ್ದರೆ ದೊಡ್ಡ ಜೇಡಕ್ಕೆ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು, ಮರಿಗಳಿಗೆ ವಾರಕ್ಕೊಮ್ಮೆ. ಪದೇ ಪದೇ ಹಿಡಿದು ತಿನ್ನಿಸಿದರೆ ಹೆದರಿಕೆಯಿಂದಲೇ ಕುಗ್ಗುತ್ತದೆ. ಬಿಳಿ ಸುಣ್ಣದಂಥ ಮಲ ಟಿಶ್ಯೂ ಮೇಲೆ ಕಂಡರೆ ಊಟ ಒಳಗೆ ಹೋಗಿ ಕೆಲಸ ಮಾಡುತ್ತಿದೆ, ಧೈರ್ಯ ತಂದುಕೊಳ್ಳಿ.

ಕೈಮೀರಿದ ಸ್ಥಿತಿಗಳು

ಕೋರೆ ಸರಿ ಇದ್ದೂ ತಿನ್ನದೆ, ಬಾಯಿಯ ಸುತ್ತ ಬೆಳ್ಳಗೆ ಅಂಟಂಟಾಗಿ ಏನೋ ಮೆತ್ತಿಕೊಂಡು, ಕೆಟ್ಟ ವಾಸನೆ ಬರುತ್ತಿದ್ದರೆ ಅದು ನೆಮಟೋಡ್ ಎಂಬ ಸೂಕ್ಷ್ಮ ಹುಳುವಿನ ಸೋಂಕಾಗಿರಬಹುದು. ಇದಕ್ಕೆ ನಂಬಬಹುದಾದ ಚಿಕಿತ್ಸೆ ಇಲ್ಲ, ಬೇರೆ ಜೇಡಗಳಿಗೂ ಹರಡುತ್ತದೆ. ಆ ಡಬ್ಬಿಯನ್ನು ಬೇರೆ ಕೋಣೆಗೆ ಒಯ್ಯಿರಿ, ಚಿಮುಟ, ಬ್ರಷ್ ಬೇರೆಯೇ ಇರಲಿ, ಕೈ ಸೋಪಿನಲ್ಲಿ ತೊಳೆಯಿರಿ. ಇನ್ನೊಂದು, ಪೊರೆ ಬಿಡುವಾಗ ಹೀರುವ ಜಠರದ ಒಳಪದರವೂ ಕಳಚಿ ಬರಬೇಕು. ಅದು ಒಳಗೇ ಉಳಿದರೆ ಜೇಡ ಹೀರಲಾರದು, ಕೊಟ್ಟ ರಸ ಬಾಯಿಂದ ಹಾಗೇ ಹೊರಗೆ ಇಳಿಯುತ್ತದೆ. ಅಲ್ಲಿಂದ ಉಳಿಯುವುದು ಅಪರೂಪ. ಬೆಳೆದ ಗಂಡಿಗೆ ಕೋರೆ ಹೋದರೂ ಹೀಗೆಯೇ, ಸಾಮಾನ್ಯವಾಗಿ ಅದು ಮತ್ತೆ ಪೊರೆ ಬಿಡುವುದಿಲ್ಲ, ಹೊಸ ಕೋರೆ ಬರುವುದಿಲ್ಲ. ಉಳಿದ ದಿನಗಳು ನೆಮ್ಮದಿಯಿಂದ ಕಳೆಯುವಷ್ಟು ನೀರು, ರಸ ಕೊಟ್ಟುಕೊಂಡು ಹೋಗಬಹುದು.

ನಾಯಿ ಬೆಕ್ಕಿನ ಆಂಟಿಬಯೋಟಿಕ್ ಅಂದಾಜಿನ ಮೇಲೆ ಕೊಡಬೇಡಿ. ಹಾವು, ಹಲ್ಲಿ, ಪಕ್ಷಿಗಳನ್ನು ನೋಡುವ ವೆಟ್ (ಪಶುವೈದ್ಯರು) ಹತ್ತಿರದಲ್ಲಿದ್ದರೆ ಫೋಟೋ ಕಳಿಸಿ ಕೇಳಿ. ಹೊರದೇಶದಲ್ಲಿರುವವರಿಗೆ ಬ್ರಿಟಿಷ್ ಟ್ಯಾರಂಟುಲಾ ಸೊಸೈಟಿ, ಅಮೆರಿಕನ್ ಟ್ಯಾರಂಟುಲಾ ಸೊಸೈಟಿಯಂಥ ಸಂಘಗಳಿವೆ, ಹತ್ತಾರು ವರ್ಷ ಸಾಕಿದವರು ಅಲ್ಲಿ ಸಿಗುತ್ತಾರೆ. ನರಳಿಕೆ ಮುಗಿಸಲೇಬೇಕಾದ ಹಂತ ಬಂದರೆ ಎಷ್ಟೋ ಜನ ಫ್ರೀಜರಿನಲ್ಲಿ ಇಡುತ್ತಾರೆ. ಅದು ನೋವಿಲ್ಲದ ಸಾವೇ ಅನ್ನುವುದರಲ್ಲಿ ಒಮ್ಮತವಿಲ್ಲ. ಮೊದಲು ಅರಿವಳಿಕೆ ಕೊಟ್ಟು ಮಾಡುವ ವೆಟ್ ಸಿಕ್ಕರೆ ಅವರ ಬಳಿಗೇ ಹೋಗಿ.

ಪೊರೆ ಬಿಡುವವರೆಗೆ, ಬಿಟ್ಟ ಮೇಲೆ

ಮರಿಗಳು ಒಂದೆರಡು ತಿಂಗಳಿಗೊಮ್ಮೆ ಪೊರೆ ಬಿಡುತ್ತವೆ, ಅವುಗಳದ್ದು ಬೇಗ ಮುಗಿಯುವ ಕಷ್ಟ. ಬೆಳೆದ ಹೆಣ್ಣು ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ. ಪೊರೆ ಬಿಟ್ಟ ಸ್ವಲ್ಪ ದಿನಕ್ಕೇ ಕೋರೆ ಮುರಿದಿದ್ದರೆ ಕಾಯುವ ಕಾಲ ಉದ್ದ, ಅಷ್ಟಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪೊರೆಗೆ ತೀರಾ ಹತ್ತಿರದಲ್ಲಿ ಮುರಿದಿದ್ದರೆ ಆ ಪೊರೆಯಲ್ಲಿ ಹೊಸ ಕೋರೆ ಪೂರ್ತಿ ಬರದೆ ಅದರ ಮುಂದಿನದರಲ್ಲಿ ಬರಬಹುದು. ಗಾಯ ಒಣಗಿ, ಜೇಡ ಚೆನ್ನಾಗಿ ನಡೆಯುತ್ತಿದ್ದರೆ ಆರೈಕೆಯ ಡಬ್ಬಿಯಿಂದ ಅದರ ಪೆಟ್ಟಿಗೆಗೆ ವಾಪಸ್ ಬಿಡಬಹುದು, ಅಡಗಿಕೊಳ್ಳುವ ಜಾಗವಿದ್ದರೆ ಅದು ನೆಮ್ಮದಿಯಾಗಿರುತ್ತದೆ. ಆದರೆ ಮೇಲಿನ ತಂತಿ ಬಲೆ ತೆಗೆದು ತೂತು ಕೊರೆದ ಅಕ್ರಿಲಿಕ್ ಹಾಳೆ ಹಾಕಿ, ಕೋರೆಯ ಜೊತೆಗೆ ಪಾದದ ಉಗುರೂ ಬಲೆಗೆ ಸಿಕ್ಕಿ ಮುರಿಯುತ್ತದೆ. ಮಣ್ಣನ್ನು ಏರಿಸಿ, ಮೇಲ್ಚಾವಣಿಗೂ ಮಣ್ಣಿಗೂ ನಡುವಿನ ಎತ್ತರ ಜೇಡದ ಕಾಲಳತೆಯ ಒಂದೂವರೆ ಪಟ್ಟು ಮೀರದ ಹಾಗೆ ನೋಡಿಕೊಳ್ಳಿ.

ಪೊರೆಯ ಲಕ್ಷಣ ಕಂಡ ದಿನದಿಂದ ಊಟ ನಿಲ್ಲಿಸಿ, ನೀರು ತುಂಬಿಡಿ. ಅಂಗಾತ ಮಲಗಿದ ಮೇಲೆ ದೊಡ್ಡ ಜೇಡಕ್ಕೆ ಕೆಲವು ಗಂಟೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಡಬ್ಬಿ ಅಲುಗಿಸಬೇಡಿ, ಬೆಳಕು ಹಾಕಿ ಇಣುಕಬೇಡಿ. ಮುಗಿದ ಮೇಲೆ ಕಳಚಿದ ಪೊರೆಯನ್ನು ಚಿಮುಟದಿಂದ ಎತ್ತಿ, ನೀರಲ್ಲಿ ನೆನೆಸಿ ಬಿಡಿಸಿ ನೋಡಿ. ಹೀರುವ ಜಠರದ ಒಳಪದರ ತೆಳ್ಳಗೆ ಅದರಲ್ಲೇ ಇರಬೇಕು. ಇದ್ದರೆ ಅರ್ಧ ಗೆದ್ದ ಹಾಗೆ. ಹೊಸ ಕೋರೆ ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ, ಕೊನೆಗೆ ಕಪ್ಪಗೆ ಆಗುತ್ತದೆ. ಕೆಂಪಗಿರುವಾಗಲೇ ಗಟ್ಟಿ ಹುಳು ಕೊಟ್ಟರೆ ಹೊಸದೂ ಮುರಿಯುತ್ತದೆ. ದೊಡ್ಡ ಜೇಡಕ್ಕೆ ಎರಡು ವಾರವಾದರೂ ಕಾಯಿರಿ, ಡಬ್ಬಿಯ ಕೆಳಗಿನಿಂದ ಕೋರೆ ತುದಿಯವರೆಗೂ ಕಪ್ಪಾಗಿದೆ ಅಂತ ಕಂಡ ಮೇಲೆ ಮೊದಲ ಒಂದೆರಡು ಸಲ ತಲೆ ಜಜ್ಜಿದ ಸಣ್ಣ ಹುಳು ಕೊಡಿ. ಅದನ್ನು ಚುಚ್ಚಿ ಹಿಡಿದು ಎಳೆದುಕೊಂಡು ಹೋದರೆ ಮುಂದಿನ ಸಲದಿಂದ ಜೀವಂತ ಹುಳು ಬಿಡಬಹುದು.